ಅರಿಶಿನದ ತೂತು, ಕುಂಕುಮದ ತೂತು

ನಮ್ಮ ಮನೆಯ ಕಂಪ್ಯೂಟರು ಬಂದ ದಿನದಿಂದಲೂ ನಮಗೆ ಬೆನ್ನು ಹಾಕಿಕೊಂಡೇ ಕೂತಿತ್ತು. ಬೇರೆಯವರ ಮನೆಯಲ್ಲಿ ಅದರ ಮುಖ ಕಾಣುತ್ತದೆ. ನಮ್ಮ ಜಗಲಿಗೆ ಬಂದವರು ಮಾತ್ರ ಅದರ ಬೆನ್ನು, ಬೆನ್ನಿನ ತೂತುಗಳು, ತೂತುಗಳಿಂದ ಇಳಿಬಿದ್ದ ವಯರುಗಳು, ಇವನ್ನೇ ನೋಡಿಕೊಂಡು ಕಾಫಿ ಕುಡಿಯಬೇಕು. ಇದೆಂತ ಲಕ್ಷಣ ಎಂದು ನಾನು ಸಿಡುಕಿದ್ದಕ್ಕೆ ನನ್ನ ಗಂಡ ಅರುಣ, ಗುಡುಗು ಬಂದಾಗ ಕೈಗೆ ಸಿಗಬೇಕಲ್ಲ ಎಂದರು. ಅದೇನೋ ಸರಿಯಾದ ಮಾತೇ. ಸೀತೂರಿನಲ್ಲಿ ದೂರದಲ್ಲೆಲ್ಲೋ ಒಂದು ಗುಡುಗು ಕೇಳಿದರೆ ಸಾಕು, ಮನೆಯಲ್ಲಿದ್ದವರು ಕೈಯಲ್ಲಿದ್ದ ಕೆಲಸ ಬಿಟ್ಟು ಟಿವಿ, ಮೋಡೆಮ್ಮು, ಫ್ರಿಜ್ಜು ಎಲ್ಲದರ ವಯರು ಕೀಳುತ್ತಾರೆ. ಸಿಡಿಲಿಗೆ ಒಂದು ಮೋಡೆಮ್ಮನ್ನಾದರೂ ಕಳೆದುಕೊಳ್ಳದ ಮನೆ ನಮ್ಮ ಕಡೆ ಇಲ್ಲ. ನಮ್ಮಲ್ಲಿ ಆ ಕೆಲಸ ನನ್ನ ಅತ್ತೆ ಶೇಷಮ್ಮನವರದು. ಅರ್ಜುನನ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ, ಹೆಸರಿಗೊಂದರಂತೆ ವಯರು ಕೀಳುತ್ತ ಅವರು ಮನೆಯಿಡೀ ಓಡಾಡುವುದನ್ನು ನೋಡಿದರೆ ಸಿಡಿಲೇ ಹೆದರಿ ಬೇರೆ ತಾಲೂಕಿಗೆ ಹೋಗಬೇಕು.

ಇವರದು ನರಸಿಂಹರಾಜಪುರದಲ್ಲಿ ಅಂಗಡಿ. ಕ್ಯಾಮೆರಾ, ಇನ್ವರ್ಟರು, ಡಿಶ್ಶು, ಇವುಗಳ ರಿಪೇರಿ. ಜೀಪಿಗೆ ಏಣಿ ಕಟ್ಟಿಕೊಂಡು ಕೊಪ್ಪ, ಜಯಪುರ, ಶೃಂಗೇರಿಯವರೆಗೂ ಹೋಗುತ್ತಾರೆ. ಲಾಡ್ಜಿಗೆ, ಕಲ್ಯಾಣ ಮಂಟಪಕ್ಕೆ, ಪೆಟ್ರೋಲ್ ಬಂಕಿಗೆಲ್ಲ ಕ್ಯಾಮೆರಾ ಹಾಕುವ ಇವರಿಗೆ ಆನೆಗೂ ಒಂದು ಹಾಕಬಹುದಲ್ಲ ಎಂದು ಹೊಳೆಸಿದವಳು ಕಮಲ.

ಕಮಲ ನಮ್ಮ ರಬ್ಬರಿನ ಟ್ಯಾಪಿಂಗ್ ಮಾಡುವವಳು, ಅಂದರೆ ಮರದ ತೊಗಟೆ ಕೆತ್ತಿ ಹಾಲು ಇಳಿಸುವವಳು. ನಮ್ಮ ಮನೆಯ ಹಿಂದಿನಿಂದಲೇ ರಬ್ಬರಿನ ಗುಡ್ಡ ಶುರು. ಗುಡ್ಡದ ನೆತ್ತಿಯಲ್ಲಿ ಒಂದು ಬದಿಗೆ ಇವರ ಚಿಕ್ಕಪ್ಪ ಮಂಜಪ್ಪನವರ ಮನೆ, ಅದರಾಚೆ ಕಾಡು. ರಬ್ಬರು ನಮ್ಮದೂ ಇದೆ, ಅವರದೂ ಇದೆ, ಎರಡಕ್ಕೂ ಕಮಲನೇ. ಬಿಸಿಲು ಏರಿದರೆ ರಬ್ಬರಿನ ಹಾಲು ಇಳಿಯುವುದಿಲ್ಲ, ಹಾಗಾಗಿ ಅವಳು ಇನ್ನೂ ಮಬ್ಬು ಇರುವಾಗಲೇ ಗಂಡನ ಹಳೇ ತುಂಬುತೋಳಿನ ಅಂಗಿ ತೊಟ್ಟು, ಹಣೆಗೆ ಲೈಟು ಕಟ್ಟಿಕೊಂಡು ಹೊರಡಬೇಕು. ಮಗಳು ಅಮೂಲ್ಯಾ ಸ್ಕೂಲಿಗೆ ಹೊರಡುವಷ್ಟರಲ್ಲಿ ಇಳಿದು ಬರಬೇಕು. ಬರುವಾಗ ನಮ್ಮ ಹಿತ್ತಿಲ ಬಾಗಿಲಲ್ಲಿ ಕೂತು ಕಾಫಿ ಕುಡಿದು, ಊರಿನ ನಾಲ್ಕು ಮನೆಯ ಸುದ್ದಿ ಹೇಳಿ, ನನ್ನನ್ನು ನಗಿಸಿ ಹೋಗುವುದು ರೂಢಿ. ನನಗೆ ಈ ಊರಿನಲ್ಲಿ ಗೆಳತಿ ಅಂತ ಇದ್ದವಳು ಅವಳೊಬ್ಬಳೇ.

ಈಚಿನ ವರ್ಷಗಳಲ್ಲಿ ಆನೆ ನಮ್ಮ ಗುಡ್ಡಕ್ಕೂ ಬರತೊಡಗಿತ್ತು. ಮೊದಲೆಲ್ಲ ಗದ್ದೆ ಕೊಯ್ಲಿನ ಕಾಲಕ್ಕೆ ಎಲ್ಲೋ ಒಮ್ಮೆ ಲದ್ದಿ ಕಾಣುತ್ತಿತ್ತು, ಈಗ ರಬ್ಬರಿನ ಸಾಲಿನೊಳಗೇ ಹೆಜ್ಜೆ. ಒಂದು ಬೆಳಿಗ್ಗೆ ಕಮಲ ಕೆಲಸ ಅರ್ಧಕ್ಕೇ ಬಿಟ್ಟು ಇಳಿದು ಬಂದಳು. ಮರದ ಹಿಂದೆ ಇನ್ನೊಂದು ಮರ ಅಂದುಕೊಂಡದ್ದು ಕಿವಿ ಬೀಸಿತಂತೆ. ಅಷ್ಟು ಹೇಳಿ, ಕ್ಯಾಮೆರಾ ಅಂಗಡಿ ಇಟ್ಟುಕೊಂಡವರು ಆನೆ ಮದುವೆಗೆ ಬಂದರೆ ಮಾತ್ರ ಫೋಟೋ ಹಿಡಿಯುವುದಾ ಎಂದು ಇವರನ್ನು ಕೇಳಿದಳು. ತಮಾಷೆಗೇ ಕೇಳಿದ್ದು. ಇವರು ಅವತ್ತು ತಿಂಡಿ ತಿನ್ನುತ್ತಲೇ ಪೇಪರಿನ ಅಂಚಿನಲ್ಲಿ ಗುಡ್ಡದ ನಕ್ಷೆ ಬರೆದರು.

ಹಾಗೆ ಶುರುವಾಯಿತು. ಗುಡ್ಡದಲ್ಲಿ ಅಲ್ಲಲ್ಲಿ ಕ್ಯಾಮೆರಾ ಕಟ್ಟಿ, ನಮ್ಮ ಮನೆಯವರೆಗೆ ವಯರು ಎಳೆದರು. ಯಾವುದೋ ಆಫೀಸಿನವರು ಬೇಡವೆಂದ ಕಂಪ್ಯೂಟರೊಂದನ್ನು ತಂದು ಬಿಚ್ಚಿ ಹರಡಿದರು. ನೆಟ್‌ವರ್ಕ್ ಕಾರ್ಡು ಅಂತ ಒಂದು ಅದರಲ್ಲೇ ಇತ್ತು, ವಯರು ಸಿಕ್ಕಿಸುವ ಜಾಗ. ಅಂಥದ್ದೇ ಇನ್ನೊಂದನ್ನು ತರಿಸಿ ಅದರ ಪಕ್ಕದಲ್ಲಿ ಕೂರಿಸಿದರು. ಒಂದಿದ್ದರೆ ಸಾಲದಾ, ಎರಡೆಂತಕ್ಕೆ ಎಂದು ಕೇಳಿದ್ದಕ್ಕೆ ದೊಡ್ಡ ಭಾಷಣವೇ ಆಯಿತು. ಕಡಿಮೆ ಬೆಲೆಯ ಕ್ಯಾಮೆರಾಗಳಿಗೆ ನೆಟ್ಟು ಕೊಟ್ಟರೆ ಅವು ಎಲ್ಲೆಲ್ಲಿಗೋ ಚಿತ್ರ ಕಳಿಸುತ್ತವೆ, ನಮ್ಮ ಗುಡ್ಡದಲ್ಲಿ ಯಾರು ಯಾವಾಗ ಒಬ್ಬರೇ ಓಡಾಡುತ್ತಾರೆ ಎಂದು ಊರಾಚೆಯವರಿಗೆ ಯಾಕೆ ಗೊತ್ತಾಗಬೇಕು? ಅದಕ್ಕೆ ಕ್ಯಾಮೆರಾದ ವಯರು ಒಂದು ಕಾರ್ಡಿಗೆ, ಮೋಡೆಮ್ಮಿನ ವಯರು ಇನ್ನೊಂದಕ್ಕೆ. ನಡುವೆ ಕಂಪ್ಯೂಟರು. ಅದು ಗುಡ್ಡದ ಕಡೆಯ ಕಾರ್ಡಿನಿಂದ ಚಿತ್ರ ನೋಡುತ್ತದೆ, ಆನೆ ಕಂಡರೆ ಊರ ಕಡೆಯ ಕಾರ್ಡಿನಿಂದ ಎಲ್ಲರ ಫೋನಿಗೂ ಮೆಸೇಜು ಹಾಕುತ್ತದೆ. ನನಗೆ ಅರ್ಥವಾದದ್ದು ಇಷ್ಟು: ಹಿತ್ತಿಲ ಬಾಗಿಲಿಂದ ಬಂದದ್ದು ಎದುರು ಬಾಗಿಲಿಗೆ ಸೀದಾ ಹೋಗಬಾರದು, ಮನೆಯವರು ನೋಡಿಯೇ ಕಳಿಸಬೇಕು.

ಒಂದು ಭಾನುವಾರವಿಡೀ ಅದು ಕೈಕೊಟ್ಟಿತು. ಚಿತ್ರ ಬಂದರೆ ಮೆಸೇಜು ಹೋಗದು. ಎರಡು ಕಾರ್ಡೂ ನಾನೇ ಹೊರದಾರಿ ಎಂದು ಜಗಳ ಆಡುತ್ತಿವೆ ಎಂದು ಇವರು ತಲೆ ಕೆರೆದುಕೊಂಡರು. ಕೊನೆಗೆ ಗುಡ್ಡದ ಕಡೆಯ ಕಾರ್ಡಿಗೆ ಹೊರದಾರಿಯೇ ಇಲ್ಲದಂತೆ ಮಾಡಿ, ಎರಡಕ್ಕೂ ಬೇರೆ ಬೇರೆ ನಂಬರು ಕೊಟ್ಟ ಮೇಲೆ ಎರಡೂ ತೆಪ್ಪಗಾದವು. ಆದರೆ ಇನ್ನು ಇದರ ವಯರು ಅದಕ್ಕೆ, ಅದರ ವಯರು ಇದಕ್ಕೆ ಹಾಕಿದರೆ ಕೆಲಸ ಕೆಟ್ಟಿತು. ತೂತುಗಳು ನೋಡಲು ಒಂದೇ ಥರ, ಮಿನುಗುವ ಹಸಿರು ದೀಪವೂ ಒಂದೇ ಥರ. ಗುಡುಗಿಗೆ ಕೀಳುವವರು ಅತ್ತೆ, ಮತ್ತೆ ಹಾಕುವವರೂ ಅತ್ತೆ. ಇವರು ದೇವರ ಮುಂದಿನ ಬಟ್ಟಲು ತಂದು, ಗುಡ್ಡದ ಕಡೆಯ ತೂತಿನ ಪಕ್ಕ ಅರಿಶಿನದ ಬೊಟ್ಟು, ಊರ ಕಡೆಯದರ ಪಕ್ಕ ಕುಂಕುಮದ ಬೊಟ್ಟು ಇಟ್ಟರು. ವಯರುಗಳಿಗೂ ಹಳದಿ ದಾರ, ಕೆಂಪು ದಾರ ಕಟ್ಟಿದರು. ಹಳದಿ ಅರಿಶಿನಕ್ಕೆ, ಕೆಂಪು ಕುಂಕುಮಕ್ಕೆ. ಅತ್ತೆ ಒಮ್ಮೆ ನೋಡಿ ಕಲಿತರು. ಆಮೇಲೆ ಬಂದ ಒಂದೆರಡು ಗುಡುಗಿಗೆ ಅವರೇ ಕಿತ್ತು ಅವರೇ ಸರಿಯಾಗಿ ಹಾಕಿದರು. ಗಂಡನ ಬುದ್ಧಿವಂತಿಕೆಗೆ ನಾನೂ ಅವತ್ತು ಒಳಗೊಳಗೇ ಬೀಗಿದೆ.

ಇದಕ್ಕೆ ಮೂಗು ಮುರಿದವರು ಮಂಜಪ್ಪ, ನನಗೆ ಅವರು ಚಿಕ್ಕಮಾವ. ಮೂಗು ಮುರಿಯುವುದಕ್ಕೆ ಅವರಿಗೆ ಕಾರಣವೂ ಇತ್ತು. ನಮ್ಮ ಗುಡ್ಡದಲ್ಲಿ ಹಿಂದಿನಿಂದ ನಡೆದು ಬಂದ ಕ್ರಮವೊಂದಿದೆ. ಕಾಡಿಗೆ ಹತ್ತಿರದ ಮನೆಯವನು ಬೆಳಕು ಹರಿಯುವ ಮುಂಚೆ ಎದ್ದು, ಅಂಗಳದಲ್ಲಿ ನಿಂತು, ಕಿವಿಗೊಟ್ಟು ಕೇಳಿ, ಗಾಳಿಗೆ ಮೂಗೊಡ್ಡಿ, ಏನೂ ಇಲ್ಲವೆಂದಾದರೆ ಒಂದು ಉದ್ದನೆಯ ಕೂ ಹಾಕುತ್ತಾನೆ. ಕೆಳಗಿನ ಮನೆಯವರು ಒಬ್ಬೊಬ್ಬರೇ ತಿರುಗಿ ಕೂ ಹಾಕುತ್ತಾರೆ. ಕೂ ಕೇಳಿದರೆ ದಾರಿ ಬಿಟ್ಟಿದೆ ಎಂದರ್ಥ. ಕೇಳದಿದ್ದರೆ ಯಾರೂ ಹೊಸಿಲು ದಾಟುವುದಿಲ್ಲ. ಚಿಕ್ಕಮಾವನ ಅಪ್ಪ ಹಾಕುತ್ತಿದ್ದ ಕೂವನ್ನು ಆಮೇಲೆ ಚಿಕ್ಕಮಾವ ಹಾಕಿಕೊಂಡು ಬಂದಿದ್ದರು. ಬೇಲಿಯ ವಿಷಯಕ್ಕೆ ನಮ್ಮ ಮಾವನ ಜೊತೆ ಮಾತು ಬಿಟ್ಟಿದ್ದ ವರ್ಷಗಳಲ್ಲೂ ಕೂ ಮಾತ್ರ ಬಿಡಲಿಲ್ಲವಂತೆ. ಜಗಳಗಂಟ ಮನುಷ್ಯ, ಬಾಯಲ್ಲಿ ಸದಾ ಎಲೆಅಡಿಕೆಯ ಕವಳ, ಯಾರು ಏನು ಹೇಳಿದರೂ ಮೊದಲು ಅಲ್ಲ ಅನ್ನುವುದೇ ಅಭ್ಯಾಸ.

ಕಂಪ್ಯೂಟರು ನೋಡಲು ಬಂದವರು ಗೋಡೆಗೂ ಮೇಜಿಗೂ ನಡುವೆ ತೂರಿ, ಪರದೆಯಲ್ಲಿ ತಮ್ಮದೇ ಮನೆಯ ಹಿಂದಿನ ದಾರಿಯನ್ನು ನೋಡಿ, ಆನೆ ಕಂಡರೆ ಮೆಸೇಜು ಬರುತ್ತದಾ, ಕಾಣದಿದ್ದರೆ ಎಂದು ಕೇಳಿದರು. ಕಾಣದಿದ್ದರೆ ಸುಮ್ಮನಿರುತ್ತದೆ ಎಂದರು ಇವರು. ಕಮಲನೂ ಅದನ್ನೇ ಕೇಳಿದ್ದಳು, ಏನೂ ಇಲ್ಲ ಅಂದಾಗ ಏನೂ ಇಲ್ಲ ಅಂತ ಹೇಳುವುದಿಲ್ಲವಾ ಅದು ಎಂದು. ದಿನಾ ಬರುವ ಗುಡ್ ಮಾರ್ನಿಂಗುಗಳೇ ಸಾಲದಾ ಎಂದು ಇವರು ನಕ್ಕಿದ್ದರು.

ಚಿಕ್ಕಮಾವ ನಗಲಿಲ್ಲ.

"ಆನೆ ಎದುರಿಗೆ ನಿಂತೋನಿಗೆ ಕೂ ಹಾಕೋಕೆ ಬಾಯಿ ಬರ್ತದನ, ಮಾರಾಯ? ಅದ್ಕೇ ನಾವು ಇಲ್ಲ ಅಂದಾಗ ಕೂ ಹಾಕೋದು. ಕೂ ಕೇಳ್ಲಿಲ್ಲ ಅಂದ್ರೆ ಆನೆ ಇದೆ, ಇಲ್ಲಾಂದ್ರೆ ಕೂ ಹಾಕೋನಿಗೇ ಎಂತದೋ ಆಗಿದೆ. ಎರಡ್ರಲ್ಲಿ ಯಾವ್ದಾದ್ರೂ, ಮನೇಲಿ ಕೂರೋದೇ ಸೈ."

ಇವರು ತಾಳ್ಮೆಯಿಂದ, ಕ್ಯಾಮೆರಾ ಕೆಟ್ಟರೆ ಕೆಟ್ಟಿದೆ ಅಂತಲೂ ಮೆಸೇಜು ಬರುವ ಹಾಗೆ ಮಾಡಿದ್ದೇನೆ ಎಂದರು.

"ಮೆಸೇಜು ಕಳ್ಸೋದೇ ಕೆಟ್ಟರೆ?"

"ನೆಟ್ಟು ಹೋದ್ರೆ ಗೊತ್ತಾಗಲ್ವಾ ಚಿಕ್ಕಪ್ಪ? ಮನೇಲಿ ಎಲ್ಲಾರೂ ಫೋನ್ ಹಿಡ್ಕಂಡೇ ಇರ್ತಾರೆ."

ಅದಕ್ಕೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಚಿಕ್ಕಮಾವ ಅಂಗಳಕ್ಕೆ ಹೋಗಿ ಕವಳ ಉಗುಳಿ, ಹೇಳದೆ ಹೊರಟುಹೋದರು.

ಭಾದ್ರಪದ ಕಳೆಯುವ ಹೊತ್ತಿಗೆ ಆ ಮೆಸೇಜು ನಿಜಕ್ಕೂ ಬಂತು. ಬೆಳಿಗ್ಗೆ ಎಲ್ಲರ ಫೋನುಗಳೂ ಗುಂಯ್ ಎಂದವು. ಬೂದು ಚಿತ್ರದಲ್ಲಿ ರಬ್ಬರಿನ ಸಾಲು, ಸಾಲಿನ ನಡುವೆ ಒಂದು ಬೆನ್ನು, ಅದರ ಕೆಳಗೆ ಇವರು ಬರೆದಿಟ್ಟ ಸಾಲು: ಆನೆ ಇದೆ, ಹೋಗಬೇಡಿ. ನಮ್ಮ ಅಂಗಳದಲ್ಲಿ ನಿಂತಿದ್ದ ಕಮಲ ಹಣೆಯ ಲೈಟು ಆರಿಸಿ ಅಲ್ಲೇ ಕೂತುಬಿಟ್ಟಳು. ಬಿಸಿಲು ಬಂದ ಮೇಲೆ ಹೋಗಿ ನೋಡಿದರೆ ಅವಳು ದಿನಾ ಮೊದಲು ಕೈಯಿಡುವ ಮರಗಳ ಬುಡದಲ್ಲಿ ಹಾಲು ಹಿಡಿಯುವ ಚಿಪ್ಪುಗಳೆಲ್ಲ ಪುಡಿಯಾಗಿದ್ದವು. ಕಮಲ ಬಂದು ಕಂಪ್ಯೂಟರಿನ ಬೆನ್ನಿಗೇ ಕೈಮುಗಿದಳು. ಸುದ್ದಿ ಕೊಪ್ಪದವರೆಗೂ ಹೋಯಿತು. ಕಮ್ಮರಡಿಯಿಂದ ಕೆಲವರು ಬಂದು, ನಮ್ಮಲ್ಲೂ ಮಾಡಿಕೊಡಿ ಎಂದರು. ರಬ್ಬರಿನ ಗುಡ್ಡದೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಅಲ್ಲೇ ಕೂಗುವ ಸೈರನ್ ಒಂದನ್ನು ಹಾಕಬೇಕು ಎಂದು ಇವರು ಅಂದುಕೊಂಡರು. ಆದರೆ ಊರೂರಿನ ಕೆಲಸ ಮೈಮೇಲೆ ಬಿದ್ದು ಅದು ಮುಂದಕ್ಕೆ ಹೋಯಿತು. ಕಮಲ ದಿನಾ ಸಿಗ್ನಲ್ ಇರುವ ನಮ್ಮ ಅಂಗಳದಲ್ಲಿ ನಿಂತು ಫೋನು ನೋಡಿ, ಮೆಸೇಜಿಲ್ಲ ಎಂದಾದರೆ ಗುಡ್ಡ ಹತ್ತುತ್ತಿದ್ದಳು.

ಅಲ್ಲಿಗೆ ಕೆಳಗಿನ ಮನೆಗಳ ಕೂ ನಿಂತವು. ಯಾರೂ ನಿಲ್ಲಿಸೋಣ ಎಂದು ಹೇಳಲಿಲ್ಲ, ಸುಮ್ಮನೆ ನಿಂತವು. ಚಿಕ್ಕಮಾವ ಮಾತ್ರ ಹಟಕ್ಕೆ ದಿನಾ ಹಾಕುತ್ತಿದ್ದರು. ಮೇಲಿನಿಂದ ಉದ್ದನೆಯ ಕೂ, ಆಮೇಲೆ ಉತ್ತರಕ್ಕೆ ಕಾಯುವಷ್ಟು ಹೊತ್ತು ಮೌನ. ನಮ್ಮಲ್ಲಿ ಮಿಕ್ಸಿ, ಪಕ್ಕದಲ್ಲಿ ಸುಪ್ರಭಾತ, ಯಾರದೋ ಮೋಟರು. ಕೇಳಿಸುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ನವರಾತ್ರಿ ಬಂತು. ಆಯುಧಪೂಜೆಗೆ ಇವರು ಅಂಗಳದಲ್ಲಿ ಜೀಪು, ಏಣಿ, ಡ್ರಿಲ್ಲು ತೊಳೆದು ಸಾಲಾಗಿ ಇಟ್ಟು ಪೂಜೆ ಮಾಡಿದರು. ಮನೆಯೊಳಗಿನ ಯಂತ್ರಗಳ ಪೂಜೆ ಅತ್ತೆಯದು. ಹೊಲಿಗೆ ಮಿಷನ್ನು, ಗ್ರೈಂಡರು, ಫ್ರಿಜ್ಜು ಮುಗಿಸಿ ಕಂಪ್ಯೂಟರಿಗೆ ಬಂದರು. ಬೆನ್ನು ಅವರ ಕಡೆಗೇ ಇತ್ತಲ್ಲ. ನೋಡುತ್ತಾರೆ, ಒಂದು ತೂತಿನ ಪಕ್ಕ ಬರೀ ಅರಿಶಿನ, ಇನ್ನೊಂದರ ಪಕ್ಕ ಬರೀ ಕುಂಕುಮ. ಗುರುತಿಗೆ ಇಟ್ಟದ್ದು ಎಂದು ಅವರಿಗೆ ಗೊತ್ತಿಲ್ಲದೆ ಇಲ್ಲ. ಆದರೆ ಹಬ್ಬದ ದಿನ ಯಾವುದಕ್ಕಾದರೂ ಬರೀ ಅರಿಶಿನ ಇಟ್ಟು ಕುಂಕುಮ ಇಡದೆ ಬಿಡುವುದು ನಮ್ಮ ಮನೆಗಳಲ್ಲಿ ಯಾವ ಹೆಂಗಸಿನ ಕೈಯಲ್ಲೂ ಆಗದ ಕೆಲಸ. ಅವರು ಅರಿಶಿನವಿದ್ದಲ್ಲಿ ಕುಂಕುಮ ಇಟ್ಟರು, ಕುಂಕುಮವಿದ್ದಲ್ಲಿ ಅರಿಶಿನ ಇಟ್ಟರು, ಮೇಲೆ ಒಂದು ಹೂ ಏರಿಸಿ ಊದಿನಕಡ್ಡಿ ಬೆಳಗಿದರು. ವಯರುಗಳು ಅವುಗಳ ಜಾಗದಲ್ಲೇ ಇದ್ದವು, ಹಾಗಾಗಿ ಅವತ್ತು ಏನೂ ಕೆಡಲಿಲ್ಲ. ನಾನು ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದೆ, ಇದನ್ನು ನೋಡಲಿಲ್ಲ. ಇವರು ಮಾರನೆಯ ದಿನವೇ ಶೃಂಗೇರಿಯಲ್ಲಿ ಒಂದು ಲಾಡ್ಜಿನ ಕೆಲಸಕ್ಕೆ ಹೊರಟವರು, ಇವರೂ ನೋಡಲಿಲ್ಲ.

ಚಿತ್ತೆ ಮಳೆಯ ಗುಡುಗು ಬಂದದ್ದು ಹಬ್ಬ ಕಳೆದ ಮೇಲೆ, ಒಂದು ಸಂಜೆ. ಗದ್ದೆಯಲ್ಲಿ ಭತ್ತ ಹಾಲು ತುಂಬಿ ವಾಸನೆ ಬರುವ ಕಾಲ. ಮೊದಲ ಗುಡುಗಿಗೇ ಅತ್ತೆ ಎದ್ದು ಅರ್ಜುನನನ್ನು ಕರೆಯುತ್ತ ವಯರು ಕಿತ್ತರು. ಮಿಂಚು ಮನೆಯೊಳಗೇ ಬಂದು ಹೋದ ಹಾಗಾಯಿತು. ಎಲ್ಲೋ ಮರ ಬಿತ್ತು, ಕರೆಂಟು ಹೋಗಿ ಬಂತು. ಮಳೆ ನಿಂತ ಮೇಲೆ ಅತ್ತೆ ಎಲ್ಲವನ್ನೂ ಒಂದೊಂದಾಗಿ ಮತ್ತೆ ಹಾಕಿದರು. ಕೈಯಲ್ಲಿ ಹಳದಿ ದಾರದ ವಯರು, ಎದುರಿಗೆ ಅರಿಶಿನದ ಬೊಟ್ಟು. ಅರಿಶಿನ ಅಲ್ಲಿತ್ತು, ಹಾಕಿದರು. ಕೆಂಪು ದಾರ, ಕುಂಕುಮ. ಕುಂಕುಮವೂ ಇತ್ತು, ಹಾಕಿದರು. ಎರಡೂ ಕಡೆ ಹಸಿರು ದೀಪಗಳು ಮಿನುಗಿದವು.

ಶೃಂಗೇರಿಯ ರಸ್ತೆಗೆ ಮರ ಬಿದ್ದು ಇವರು ಅಲ್ಲೇ ಉಳಿದರು. ಅಲ್ಲಿಂದಲೇ ಫೋನು ಮಾಡಿದಾಗ ಎತ್ತಿದ್ದು ಅತ್ತೆ. ವಯರೆಲ್ಲ ಹಾಕಿದ್ದೀಯಾ, ನೆಟ್ಟು ಬಂತಾ ಎಂದು ಇವರು ಕೇಳಿರಬೇಕು. ಬಂತು ಮಾರಾಯ, ಧಾರಾವಾಹಿ ನೋಡ್ತಾ ಇದೀನಿ ಎಂದರು ಅತ್ತೆ. ಸುಳ್ಳಲ್ಲ. ಅವರ ಫೋನಿಗೆ ನೆಟ್ಟು ಮೋಡೆಮ್ಮಿನಿಂದ ಗಾಳಿಯಲ್ಲೇ ಬರುತ್ತದೆ, ಅದಕ್ಕೆ ಕಂಪ್ಯೂಟರಿನ ಹಂಗಿಲ್ಲ. ಕಂಪ್ಯೂಟರಿಗೆ ಮಾತ್ರ ಆ ಹೊತ್ತಿಗೆ ಗುಡ್ಡವೂ ಕಾಣುತ್ತಿರಲಿಲ್ಲ, ಕಾಣುತ್ತಿಲ್ಲ ಎಂದು ಹೇಳಲು ಊರ ಕಡೆಯ ದಾರಿಯೂ ಇರಲಿಲ್ಲ. ಕಣ್ಣು, ನಾಲಿಗೆ ಎರಡೂ ಒಟ್ಟಿಗೇ ಹೋಗಿದ್ದವು. ಕರೆಂಟು ಉಳಿಸಲೆಂದು ಪರದೆ ಯಾವಾಗಲೂ ಆರಿಸಿಯೇ ಇರುತ್ತಿತ್ತು. ನಾವು ಉಂಡು ಮಲಗಿದೆವು.

ಬೆಳಿಗ್ಗೆ ಎದ್ದಾಗ ನನಗೆ ಸಮಾಧಾನವಿರಲಿಲ್ಲ. ಒಲೆ ಹೊತ್ತಿಸಿದೆ, ಹಾಲಿಟ್ಟೆ, ಹಿತ್ತಿಲ ಬಾಗಿಲು ತೆಗೆದೆ. ಮಳೆ ತೊಳೆದ ಮಬ್ಬು, ಹಳ್ಳ ತುಂಬಿ ಸದ್ದು ಮಾಡುತ್ತಿತ್ತು. ಏನೋ ಇಲ್ಲ ಅನ್ನಿಸಿತು. ಕೊಟ್ಟಿಗೆಯ ಕಡೆ ನೋಡಿದೆ, ದನಗಳಿದ್ದವು. ನಾಯಿ ಮೆಟ್ಟಿಲ ಮೇಲೆ ಮಲಗದೆ ಒಳಗೆ ಬೆಂಚಿನಡಿಗೆ ಹೋಗಿ ಮುದುಡಿಕೊಂಡಿತ್ತು. ನಿನ್ನೆಯ ಗುಡುಗಿಗೆ ಹೆದರಿದೆ ಅಂದುಕೊಂಡೆ.

ಕಮಲ ಬಂದಳು. ಅಂಗಿಯ ತೋಳು ಮಡಚುತ್ತ ಅಂಗಳದಲ್ಲಿ ನಿಂತು ಫೋನು ನೋಡಿದಳು. ಅದರ ಬೆಳಕು ಅವಳ ಮುಖದ ಮೇಲೆ ಬಿತ್ತು. ನಿನ್ನೆ ಅಷ್ಟು ಮಳೆ ಬಂದಿದೆಯಲ್ಲ, ಇವತ್ತು ಬಿಡಬಾರದಾ ಎಂದೆ. ಮರಗಳಿಗೆಲ್ಲ ಪ್ಲಾಸ್ಟಿಕ್ಕಿನ ಲಂಗ ತೊಡಿಸಿದ್ದೇನೆ, ನಿಮ್ಮ ರಬ್ಬರು ನನಗಿಂತ ಬೆಚ್ಚಗಿದೆ ಎಂದು ನಕ್ಕಳು.

"ಎಂತದೂ ಬಂದಿಲ್ಲ ಭವ್ಯಕ್ಕ. ಹೊರಟೆ. ಕಾಫಿಗೆ ಬೆಲ್ಲ ಸ್ವಲ್ಪ ಮುಂದಿರಲಿ."

ಅವಳ ಹಣೆಯ ಲೈಟು ರಬ್ಬರಿನ ಸಾಲಿನಲ್ಲಿ ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗುವುದನ್ನು ಸ್ವಲ್ಪ ಹೊತ್ತು ನೋಡಿದೆ. ದಿನಾ ನೋಡುವ ಬೆಳಕೇ. ಅವತ್ತು ಅದನ್ನು ಕರೆದು ನಿಲ್ಲಿಸಬೇಕು ಅನ್ನಿಸಿತು. ಎಂತಕ್ಕೆ ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಬೆಳಕು ಏರು ದಾಟಿ ಮರೆಯಾಯಿತು. ಒಳಗೆ ಬಂದು ಕಾಫಿಪುಡಿಯ ಡಬ್ಬಿ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ.

ಅತ್ತೆ ಹೊಸಿಲು ತೊಳೆಯುತ್ತಿದ್ದರು. ಅಂಗಳದಲ್ಲಿ ಹೆಜ್ಜೆ ಸದ್ದಾಯಿತು. ನೋಡಿದರೆ ಚಿಕ್ಕಮಾವ, ಗುಡ್ಡದ ದಾರಿ ಬಿಟ್ಟು ಸುತ್ತುಬಳಸಿ ಗದ್ದೆಯ ಬದಿಯಿಂದ ಬಂದಿದ್ದರು. ಪಂಚೆಯೆಲ್ಲ ಒದ್ದೆ. ಬೆಳಿಗ್ಗೆ ನಮ್ಮ ಮನೆಗೆ ಬರುವ ಮನುಷ್ಯನಲ್ಲ ಅವರು. ಬಾಯಲ್ಲಿ ಕವಳವಿರಲಿಲ್ಲ.

"ಯಾರೂ ಮೇಲೆ ಹೋಗಿಲ್ಲ ಅಲ್ದನ?"

ನಾನು ಗುಡ್ಡದ ಕಡೆ ತಿರುಗಿದೆ. ಅವರು ನನ್ನ ಮುಖ ನೋಡಿದರು.

"ನಾ ಇವತ್ತು ಕೂ ಹಾಕ್ಲಿಲ್ಲ. ನಮ್ಮನೆ ಹಿಂದೆ ಬಿದಿರು ಮುರೀತಾ ಇತ್ತು. ಮರಿ ಇದೆ ಜೊತೇಲಿ."

ಆಗ ಗೊತ್ತಾಯಿತು ನನಗೆ, ಬೆಳಿಗ್ಗೆಯಿಂದ ಇಲ್ಲದ್ದು ಯಾವುದು ಎಂದು. ಯಾರೂ ಉತ್ತರ ಕೊಡದೆ ಬಿಟ್ಟಿದ್ದ ಆ ಕೂ. ನನ್ನ ಕಿವಿ ಅದನ್ನು ಕಾದಿತ್ತು, ನಾನು ಕಾದಿರಲಿಲ್ಲ. ಫೋನು ತೆಗೆದು ನೋಡಿದೆ. ಯಾರೋ ಕಳಿಸಿದ ಹೂವಿನ ಚಿತ್ರ, ಶುಭೋದಯ. ಬೇರೆ ಏನೂ ಇಲ್ಲ.

"ಮೆಸೇಜು ಬಂದಿಲ್ಲ ಚಿಕ್ಕಮಾವ. ಅದ್ಕೇ ಕಮಲ ಹೋದ್ಲು."

ಅವರು ಎರಡು ಹೆಜ್ಜೆ ಹಿಂದೆ ಸರಿದು ಮೆಟ್ಟಿಲ ಮೇಲೆ ಕೂತರು. ಬಿದಿರು ಮುರಿಯುವ ಸದ್ದು ಕೇಳಿದ ಮೇಲೂ ಅವರು ಚಾ ಕುಡಿದು ಹೊರಟ‌ದ್ದಂತೆ. ಕೂ ಹಾಕದೆ ಇದ್ದದ್ದೇ ಸಾಕು, ಯಾರೂ ಹೊರಡುವುದಿಲ್ಲ, ಹಾಕಿದಾಗ ಮಾತಾಡದವರಿಗೆ ಇವತ್ತಾದರೂ ನನ್ನ ನೆನಪಾಗಲಿ ಎಂದು ಕೂತಿದ್ದರಂತೆ. ಇದನ್ನು ಅವರು ಆಮೇಲೆ ಹೇಳಿದ್ದು, ಅವತ್ತಲ್ಲ.

ಕಮಲನಿಗೆ ಫೋನು ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಮತ್ತೆ ಮಾಡಿದೆ, ಅದೇ. ಗುಡ್ಡದ ಕಡೆ ತಿರುಗಿ ಹೆಸರು ಹಿಡಿದು ಕೂಗಿದೆ. ಹಳ್ಳದ ಸದ್ದಿನಲ್ಲಿ ನನ್ನ ದನಿ ಅಂಗಳವನ್ನೂ ದಾಟಲಿಲ್ಲ. ಏರಿನಾಚೆ ಮುಟ್ಟುವುದು ಕೂ ಒಂದೇ. ನೀವೊಂದು ಕೂ ಹಾಕಿ ಎಂದು ಚಿಕ್ಕಮಾವನ ತೋಳು ಹಿಡಿದು ಅಲ್ಲಾಡಿಸಿದೆ. ಅವರು ಎದ್ದು ನಿಂತು, ಎರಡೂ ಕೈ ಬಾಯಿಯ ಹತ್ತಿರ ತಂದು, ಹಾಗೇ ನಿಂತರು.

"ಕೂ ಹಾಕಿದ್ರೆ ದಾರಿ ಬಿಟ್ಟಿದೆ ಅಂತ ಇನ್ನೂ ಮೇಲೆ ಹೋಗ್ತಾಳಲ್ಲೇ ಹುಡುಗಿ."

ನಿಜ. ನಮ್ಮ ಹತ್ತಿರ ಇದ್ದದ್ದು ಅದೊಂದೇ ಕೂಗು, ಅದರ ಅರ್ಥವೂ ಒಂದೇ. ಪಟಾಕಿ ಹೊಡೆದರೆ ಬೆದರಿದ ಆನೆ ಯಾವ ಕಡೆ ನುಗ್ಗುತ್ತದೋ, ನಡುವೆ ಅವಳಿದ್ದಾಳೆ. ಚಿಕ್ಕಮಾವ ಕೈ ಇಳಿಸಿದರು. ಮೂಲೆಯಲ್ಲಿದ್ದ ಕತ್ತಿ ತೆಗೆದುಕೊಂಡು, ಬೇಡ ಎಂದರೂ ಕೇಳದೆ, ರಬ್ಬರಿನ ದಾರಿ ಹಿಡಿದು ಹತ್ತತೊಡಗಿದರು. ಆ ವಯಸ್ಸಿನಲ್ಲಿ ಅಷ್ಟು ಬೇಗ ಹತ್ತುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

ನಾನು ಒಳಗೆ ಓಡಿದೆ. ಗೋಡೆಯ ಸಂದಿಗೆ ತೂರಿ ಪರದೆ ಹಾಕಿದೆ. ಕ್ಯಾಮೆರಾ ಇರಬೇಕಾದಲ್ಲೆಲ್ಲ ಕಪ್ಪು ಚೌಕಗಳು. ಕೆಳಗೆ ಸಾಲಾಗಿ, ಕ್ಯಾಮೆರಾ ಸಿಗುತ್ತಿಲ್ಲ, ಮೆಸೇಜು ಹೋಗಲಿಲ್ಲ, ಕ್ಯಾಮೆರಾ ಸಿಗುತ್ತಿಲ್ಲ, ಮೆಸೇಜು ಹೋಗಲಿಲ್ಲ. ಪಾಪದ ಯಂತ್ರ ರಾತ್ರಿಯಿಡೀ ಗೋಡೆಗೆ ಮುಖ ಮಾಡಿ ಅದನ್ನೇ ಹೇಳಿಕೊಂಡಿತ್ತು. ಈಚೆ ಬಂದು ಬೆನ್ನು ನೋಡಿದೆ. ಬಾಡಿದ ಸೇವಂತಿಗೆ. ಅದರ ಕೆಳಗೆ ಒಂದು ತೂತಿನ ಪಕ್ಕ ಅರಿಶಿನ ಕುಂಕುಮ. ಇನ್ನೊಂದು ತೂತಿನ ಪಕ್ಕವೂ ಅರಿಶಿನ ಕುಂಕುಮ.

ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು, ನೆಟ್ಟು ಇದೆಯಲ್ಲೇ, ಎಂತ ಹುಡುಕ್ತಿದೀಯ ಎಂದರು. ಅವರ ಬೆರಳ ತುದಿ ಹೊಸಿಲಿಗೆ ಇಟ್ಟ ಅರಿಶಿನದಿಂದ ಹಳದಿಯಾಗಿತ್ತು. ನಾನು ಎರಡೂ ವಯರು ಕಿತ್ತು, ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹಾಕಿದೆ. ಹಸಿರು ದೀಪಗಳು ಮೊದಲಿನ ಹಾಗೇ ಮಿನುಗಿದವು.

ಚೌಕಗಳು ಒಂದೊಂದಾಗಿ ಬೆಳಗಿದವು. ಹಳ್ಳದ ದಾರಿ, ಏನೂ ಇಲ್ಲ. ಚಿಕ್ಕಮಾವನ ಮನೆಯ ಹಿಂದೆ, ಮುರಿದ ಬಿದಿರು. ಮೂರನೆಯದರಲ್ಲಿ ರಬ್ಬರಿನ ಸಾಲು. ಮರಗಳ ನಡುವೆ ದೊಡ್ಡದೊಂದು, ಅದರ ಕಾಲಿನ ಹತ್ತಿರ ಸಣ್ಣದೊಂದು, ಎರಡೂ ಸುಮ್ಮನೆ ನಿಂತಿದ್ದವು. ಅವುಗಳಿಂದ ಸ್ವಲ್ಪ ಈಚೆಗೆ, ನೆಲದ ಮೇಲೆ ಒಂದು ಬೆಳಕು. ಅದು ಮರದಿಂದ ಮರಕ್ಕೆ ಹೋಗುತ್ತಿರಲಿಲ್ಲ. ಉದುರಿದ ಎಲೆಗಳ ಮೇಲೆ ಒಂದೇ ಕಡೆ ಬಿದ್ದಿತ್ತು. ನಾನು ಪರದೆಗೆ ಕೈಯಿಟ್ಟು ಅದು ಅಲುಗಾಡಲಿ ಎಂದು ಕಾದೆ.

ಮನೆಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಗುಂಯ್ ಎಂದವು. ಪಕ್ಕದ ಮನೆಯಲ್ಲೂ, ಕೆಳಗಿನ ಮನೆಯಲ್ಲೂ ಬಾಗಿಲು ತೆಗೆಯುವ ಸದ್ದಾಯಿತು.

ಚಿಕ್ಕಮಾವನಿಗೆ ಏನೂ ಆಗಲಿಲ್ಲ. ಅವರು ಮೇಲೆ ಮುಟ್ಟುವಷ್ಟರಲ್ಲಿ ಆನೆಗಳು ಬಂದ ದಾರಿಯಲ್ಲೇ ತಿರುಗಿ ಹೋಗಿದ್ದವು. ಬಿಸಿಲು ಬಿದ್ದ ಮೇಲೆ ಊರಿನವರು ಕಮಲನನ್ನು ಕಂಬಳಿಯಲ್ಲಿ ಹೊತ್ತುಕೊಂಡು ಇಳಿದರು. ಮುಖ ಮುಚ್ಚಿದ್ದರು. ಅಮೂಲ್ಯಾಳನ್ನು ಯಾರೋ ಮೊದಲೇ ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದರು. ಒಲೆಯ ಮೇಲೆ ಬೆಲ್ಲದ ಕಾಫಿ ಆರಿತ್ತು. ಅತ್ತೆ ಹೊಸಿಲ ಮೇಲೆ ನಿಂತು, ನಾನು ಹೇಳಿದ್ದು ಎಷ್ಟು ಅರ್ಥವಾಯಿತೋ ಎಷ್ಟು ಇಲ್ಲವೋ, ಹಳದಿ ಬೆರಳುಗಳನ್ನು ಸೆರಗಿಗೆ ಒರೆಸುತ್ತಲೇ ಇದ್ದರು.

ಹೊತ್ತವರು ಉಸಿರು ತೆಗೆದುಕೊಳ್ಳಲೆಂದು ನಮ್ಮ ಅಂಗಳದಲ್ಲಿ, ಅವಳು ದಿನಾ ನಿಲ್ಲುತ್ತಿದ್ದ ಜಾಗದಲ್ಲೇ ಕಂಬಳಿ ಇಳಿಸಿದರು. ಆಗ ಕಂಬಳಿಯೊಳಗೆ, ಅವಳ ಅಂಗಿಯ ಜೇಬಿನಲ್ಲಿ, ಫೋನು ಗುಂಯ್ ಎಂದಿತು. ಚಿಕ್ಕಮಾವ ಬಗ್ಗಿ ಅದನ್ನು ತೆಗೆದರು. ಅವರಿಗೆ ಕನ್ನಡಕವಿಲ್ಲದೆ ಓದಲು ಬರುವುದಿಲ್ಲ, ನನ್ನ ಕೈಗೆ ಕೊಟ್ಟರು. ಸಿಗ್ನಲ್ ಈಗ ಸಿಕ್ಕಿತ್ತು. ಆನೆ ಇದೆ, ಹೋಗಬೇಡಿ ಎಂದು ಬಂದಿತ್ತು.